ಕೇಬಲ್ ರಾಯರು

ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಡಲು ರಾಯರನ್ನು ಕರೆಸುವ ಮುಂಚೆ ಮನೆಯವರು ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು. ಮಾನಿಟರಿಗೆ ಹೊದಿಸಿದ ಕ್ರೋಷಾ ಬಟ್ಟೆ ತೆಗೆದಿಡಬೇಕು. ಆಯುಧಪೂಜೆಯಲ್ಲಿ ಸಿಪಿಯು ಡಬ್ಬಕ್ಕೆ ಹಚ್ಚಿದ ಅರಿಸಿನ ಕುಂಕುಮ ಅಲ್ಲೇ ಇರಲಿ, ಅದಕ್ಕೆ ಅವರ ತಕರಾರಿಲ್ಲ. ಆದರೆ ಡಬ್ಬದ ಹಿಂದಿನ ಫ್ಯಾನಿಗೆ ಅಡ್ಡವಾಗಿ ಹಳೇ ಪೇಪರಿನ ಕಟ್ಟು ಕಂಡರೆ ಅವತ್ತು ಫೋಟೋ ಕೆಲಸ ಆಗುವುದಿಲ್ಲ, ಭಾಷಣ ಆಗುತ್ತದೆ. ಕುರ್ಚಿ ಎರಡು ಹಾಕಬೇಕು. ಒಂದು ಅವರಿಗೆ, ಇನ್ನೊಂದು ಅವರ ಚೀಲಕ್ಕೆ.

ಟೆಲಿಫೋನ್ ಇಲಾಖೆಯಲ್ಲಿ ಸರ್ವಿಸು ಮುಗಿಸಿ ಬಂದ ಇವರ ಪೂರ್ತಿ ಹೆಸರು ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಕೇಬಲ್ ರಾಯರು. ಚೀಲದಲ್ಲಿರುವ ಕೇಬಲ್‌ಗಳಿಗೆಲ್ಲ ರಬ್ಬರ್ ಬ್ಯಾಂಡು, ಪ್ರತಿಯೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಗುಂಡಗೆ ಬರೆದಿರುತ್ತದೆ: ‘ದಪ್ಪ ಬಾಯಿ’, ‘ಸಣ್ಣ ಬಾಯಿ’, ‘ಸಿ ಬಾಯಿ’. ಕೆಲವಕ್ಕೆ ಮಾತ್ರ ಕೆಂಪು ದಾರ ಕಟ್ಟಿರುತ್ತದೆ. ಅವು ಬರೀ ಚಾರ್ಜಿಂಗಿನವು. ಸರಿಯಾದ ಯುಎಸ್‌ಬಿ ಕೇಬಲ್ಲಿನಲ್ಲಿ ಕಡೇಪಕ್ಷ ನಾಲ್ಕು ತಂತಿ ಇರಬೇಕು, ಕರೆಂಟಿಗೆರಡು, ಡೇಟಾಕ್ಕೆರಡು. ಪುಕ್ಕಟೆ ಸಿಕ್ಕಿದ ಕೇಬಲ್ಲಿನಲ್ಲಿ ಕೆಲವು ಸಲ ಡೇಟಾದ ಎರಡು ತಂತಿಯೇ ಇರುವುದಿಲ್ಲ. ‘ಫೋನ್ ಕನೆಕ್ಟೇ ಆಗ್ತಿಲ್ಲ’ ಅನ್ನುವ ದೂರುಗಳಲ್ಲಿ ಬೇಕಾದಷ್ಟು ಈ ಕೆಂಪು ದಾರದಲ್ಲೇ ಬಗೆಹರಿಯುತ್ತವೆ. ಹಾಗಾದರೆ ಅವನ್ನು ಬಿಸಾಕಬಾರದೇ ಎಂದು ಕೇಳಿದರೆ, "ಕೇಬಲ್ ಯಾರಾದ್ರೂ ಬಿಸಾಕ್ತಾರೇನ್ರೀ?" ಎಂದು ನಮ್ಮನ್ನೇ ಗುರಾಯಿಸುತ್ತಾರೆ.

ಮೊದಲು ವಿಚಾರಣೆ.

"ಏನು ತೊಂದರೆ?"

"ಸ್ಲೋ ಆಗಿಬಿಟ್ಟಿದೆ ರಾಯರೇ. ಫೋಟೋನೂ ಇಳೀತಿಲ್ಲ."

"ಅದಕ್ಕೆ ಮುಂಚೆ ಏನು ಮಾಡಿದ್ರಿ?"

"ನಾವೇನೂ ಮಾಡಿಲ್ಲ."

ಈ ‘ಏನೂ ಮಾಡಿಲ್ಲ’ ರಾಯರಿಗೆ ಹಳೇ ಪರಿಚಯ. ಇಲಾಖೆಯಲ್ಲಿದ್ದಾಗ ಫೋನು ಸತ್ತಿದೆ ಅಂತ ಕರೆದವರೆಲ್ಲ ಇದನ್ನೇ ಹೇಳುತ್ತಿದ್ದರು. ಹೋಗಿ ನೋಡಿದರೆ ಕ್ಯಾಲೆಂಡರಿಗೆ ಹೊಡೆದ ಮೊಳೆ ವೈರಿನ ನಡುವೆ ಇಳಿದಿರುತ್ತಿತ್ತು. ಆದ್ದರಿಂದ ಅವರು ಮಾತು ಬೆಳೆಸದೆ ಸ್ವಿಚ್ ಹಾಕಿ ಕೈಕಟ್ಟಿ ಕೂರುತ್ತಾರೆ. ಎದುರುಮನೆ ಮೇಷ್ಟ್ರ ಕಂಪ್ಯೂಟರಿನಲ್ಲಂತೂ ಡೆಸ್ಕ್‌ಟಾಪು ಕಾಣುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಹಾಲು ಕಾಯಿಸಿ ಇಳಿಸಿರುತ್ತಾರೆ. ಪರದೆ ಬಂದದ್ದೇ ತಡ, ರಾಯರ ಬೆರಳು ಮೌಸಿನ ಬಲಗಡೆ ಗುಂಡಿ ಒತ್ತುತ್ತದೆ: ರಿಫ್ರೆಶ್, ರಿಫ್ರೆಶ್, ಮತ್ತೆ ರಿಫ್ರೆಶ್. ಅದರಿಂದ ಕಂಪ್ಯೂಟರಿನ ವೇಗ ಕಾಸಿನಷ್ಟೂ ಹೆಚ್ಚುವುದಿಲ್ಲ, ಐಕಾನುಗಳು ಒಮ್ಮೆ ಅಳಿಸಿ ಮತ್ತೆ ಮೂಡುತ್ತವೆ, ಅಷ್ಟೆ. ನಾನಿದನ್ನು ಹೇಳಿದಾಗ ರಾಯರಿಗೇನೂ ಬೇಜಾರಾಗಲಿಲ್ಲ. "ಗೊತ್ತು ಸ್ವಾಮಿ. ಕೈ ಸುಮ್ನಿರಬೇಕಲ್ಲ" ಎಂದರು.

ಆದರೆ ಮನುಷ್ಯನಿಗೆ ಕೆಲಸ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದು ಡಿಸ್ಕಿನ ಮುಂದೆ ಶೇಕಡಾ 100 ಕಾಣುತ್ತಲೇ ಅವರ ಹುಬ್ಬು ಮೇಲೇರಿತು. ಮೇಷ್ಟ್ರ ಮಗ ಹಾಕಿಸಿದ ಆಂಟಿವೈರಸ್ ಒಂದು, ಇನ್ಯಾವುದನ್ನೋ ಇಳಿಸಿಕೊಳ್ಳುವಾಗ ಅದರ ಜೊತೆ ತಾನಾಗೇ ಬಂದು ಕೂತದ್ದು ಇನ್ನೊಂದು. ಎರಡೂ ಸೇರಿ ಪ್ರತಿ ಫೈಲನ್ನೂ ತಡೆದು ತಪಾಸಣೆ ಮಾಡುತ್ತಿದ್ದವು. ಎರಡನೆಯದನ್ನು ಹೊರಗೆ ಹಾಕಿದರು. ಆಮೇಲೆ ಸಿ ಡ್ರೈವ್ ನೋಡಿದರು. ಕೆಂಪು.

"ಮೇಷ್ಟ್ರೇ, ಫೋಟೋಗಳನ್ನೆಲ್ಲ ಎಲ್ಲಿಟ್ಟಿದ್ದೀರಿ?"

"ಎದುರಿಗೇ ಇದೆಯಲ್ಲ, ಡೆಸ್ಕ್‌ಟಾಪಲ್ಲಿ."

"ಡೆಸ್ಕ್‌ಟಾಪ್ ಅಂದ್ರೆ ಸಿ ಡ್ರೈವೇ. ಡಿ ಡ್ರೈವ್ ನೋಡಿ, ಒಂದು ನರಪಿಳ್ಳೆ ಇಲ್ಲ."

ಡೆಸ್ಕ್‌ಟಾಪಿನಲ್ಲಿ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ಅದರೊಳಗೆ ‘ಫೋಟೋ ಬ್ಯಾಕಪ್’, ಅದರೊಳಗೆ ‘ಫೋಟೋ ಬ್ಯಾಕಪ್ ಫೈನಲ್’. ಯಾವುದನ್ನು ತೆರೆದರೂ ಅದೇ ಗೃಹಪ್ರವೇಶ, ಅದೇ ಹಸು, ಹಸುವಿನ ಪಕ್ಕ ಅದೇ ಗಾಬರಿಯ ಸೋದರಮಾವ. ಒಂದನ್ನು ಇಟ್ಟುಕೊಂಡು ಮಿಕ್ಕದ್ದು ಅಳಿಸಲೇ ಎಂದು ರಾಯರು ಕೇಳಿದರೆ ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದಲೇ, "ಇರ್ಲಿ ಬಿಡಿ ರಾಯರೇ, ಅದೇನು ಅನ್ನ ಕೇಳುತ್ತಾ?" ಎಂದರು. ರಾಯರು ಅಳಿಸಲಿಲ್ಲ. ಅವರು ಯಾರ ಮನೆಯಲ್ಲೂ ಯಾವ ಫೋಟೋವನ್ನೂ ಅಳಿಸಿದವರಲ್ಲ. ಎಲ್ಲವನ್ನೂ ಡಿ ಡ್ರೈವಿಗೆ ಸಾಗಿಸಿ ಅದಕ್ಕೆ ‘ನ್ಯೂ ಫೋಲ್ಡರ್ 3’ ಅಂತ ತಾವೇ ಹೆಸರಿಟ್ಟರು.

ಫೋನುಗಳ ವಿಷಯ ಬಂದಾಗ ಅವರು ಜಾತಿ ಕೇಳುತ್ತಾರೆ. ಆಂಡ್ರಾಯ್ಡ್ ಆದರೆ ನಿರಾಳ. ಲಾಕ್ ತೆಗೆದು, ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದು, ಚಾರ್ಜಿಂಗ್ ಅಂತ ಇರುವುದನ್ನು ಫೈಲ್ ಟ್ರಾನ್ಸ್‌ಫರ್ ಮಾಡಿದರೆ ಅದುವರೆಗೂ ಖಾಲಿ ಕಾಣುತ್ತಿದ್ದ ಫೋನು ಕಣ್ಣು ಬಿಡುತ್ತದೆ. ಐಫೋನ್ ಅಂದರೆ ಮಾತ್ರ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಮೇಷ್ಟ್ರ ಸೊಸೆಯ ಐಫೋನಿನಿಂದ ಫೋಟೋಗಳು ಅರ್ಧ ಇಳಿದು, ಸಿಸ್ಟಮ್ಮಿಗೆ ಜೋಡಿಸಿದ ಸಾಧನ ಕೆಲಸ ಮಾಡುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ನಿಂತುಬಿಟ್ಟಿತ್ತು. 2017ರಿಂದ ಐಫೋನಿನಲ್ಲಿ ಫೋಟೋ ಹೆಚ್‌ಇಐಸಿ ಅನ್ನುವ ರೂಪದಲ್ಲಿ ಕೂರುತ್ತದೆ, ಜಾಗ ಕಮ್ಮಿ ಹಿಡಿಯಲಿ ಅಂತ. ಕಂಪ್ಯೂಟರಿಗೆ ಕಳಿಸುವಾಗ ದಾರಿಯಲ್ಲೇ ಅದನ್ನು ಜೆಪೆಗ್ ಮಾಡಹೋಗಿ ಎಡವುತ್ತದೆ ಎಂದು ವಿವರಿಸಿದ ರಾಯರು, ಸೆಟ್ಟಿಂಗ್ಸಿನಲ್ಲಿ ಫೋಟೋಸ್‌ಗೆ ಹೋಗಿ ಕೊನೆಯಲ್ಲಿ ‘ಕೀಪ್ ಒರಿಜಿನಲ್ಸ್’ ಒತ್ತಿಸಿದರು. ಫೋಟೋಗಳು ಸರಸರನೆ ಬಂದವು. ಆದರೆ ಒಂದೂ ತೆರೆಯಲಿಲ್ಲ. ಮೇಷ್ಟ್ರ ಹಳೇ ವಿಂಡೋಸಿಗೆ ಹೆಚ್‌ಇಐಸಿ ಓದಲು ಬಾರದು.

ಮೇಷ್ಟ್ರು ಕೇಳಿದರು: "ಅಂದ್ರೆ ರಾಯರೇ, ಕಾಣೋ ಫೋಟೋ ಬರಲ್ಲ, ಬರೋ ಫೋಟೋ ಕಾಣಲ್ಲ?"

"ನೋಡಿ, ಈಗ ನಿಮಗೆ ಅರ್ಥ ಆಯ್ತು" ಎಂದರು ರಾಯರು, ಸಂತೋಷದಿಂದ. ಆಮೇಲೆ ಅದಕ್ಕೆ ಬೇಕಾದ ಪುಡಿ ತಂತ್ರಾಂಶವನ್ನು ಇಳಿಸಿ ಕಾಣಿಸಿದರು ಅನ್ನಿ.

ವಾಟ್ಸಾಪಿನಲ್ಲಿ ಕಳಿಸಿದರಾಯಿತಲ್ಲ ಎಂದು ಅವರೆದುರು ಯಾರೂ ಅನ್ನಬಾರದು. ಫೋಟೋ ಹಿಂಡಿ ಹಿಪ್ಪೆಯಾಗುತ್ತದೆ, ತೆಗೆದ ತಾರೀಖು ಹಾರಿಹೋಗುತ್ತದೆ, ಮದುವೆ ಮುಹೂರ್ತದ ಫೋಟೋಗೂ ಶುಭೋದಯದ ಗುಲಾಬಿಗೂ ಒಂದೇ ತರಹದ ಹೆಸರು ಅಂಟುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಇದ್ದಂತೆಯೇ ತಲುಪುತ್ತದೆ ಅನ್ನುವುದು ಅವರಿಗೆ ಗೊತ್ತು, ಕೇಳಿದರೆ ಮಾತ್ರ ಹೇಳುತ್ತಾರೆ. ಗೂಗಲ್ ಫೋಟೋಸ್‌ನವರು 2021ರ ಜೂನ್ 1ರಿಂದ ಪುಕ್ಕಟೆ ಜಾಗಕ್ಕೆ 15 ಜಿಬಿಯ ಬೇಲಿ ಹಾಕಿದಾಗ ಬಡಾವಣೆಯಲ್ಲಿ ಖುಷಿಪಟ್ಟವರು ಇವರೊಬ್ಬರೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ಮುಗಿಯಿತು, ಇನ್ನು ಹೊಸದು ತಗೊಳ್ಳಬೇಕಾ ಎಂದು ಮೇಷ್ಟ್ರು ಆತಂಕದಿಂದ ಕೇಳಿದ್ದಕ್ಕೆ, "ರಿಟೈರ್ ಆದ್ಮೇಲೆ ನಾನು ಓಡಾಡ್ತಿಲ್ವಾ?" ಎಂದು ಕೇಳಿ ಬಾಯಿ ಮುಚ್ಚಿಸಿದರು. ಸಲಹೆ ಅಷ್ಟೇನೂ ಒಳ್ಳೆಯದಲ್ಲ. ಉತ್ತರ ಮಾತ್ರ ಚೆನ್ನಾಗಿತ್ತು.

ರಾಯರು ಇಷ್ಟೆಲ್ಲ ಒದ್ದಾಡುವುದು ಯಾತಕ್ಕೆ? ದುಡ್ಡು ಮುಟ್ಟುವುದಿಲ್ಲ. ಹಸಿರು ಪಟ್ಟಿ ನಿಧಾನವಾಗಿ ತೆವಳಲು ಶುರುವಾದ ಮೇಲೆ ಅವರ ಮುಖ ನೋಡಬೇಕು. ಇಳಿಯುತ್ತಿರುವ ಫೋಲ್ಡರನ್ನೇ ತೆರೆದು ಒಂದೊಂದಾಗಿ ನೋಡತೊಡಗುತ್ತಾರೆ. ಆಲ್ಬಮ್ಮಿದ್ದ ಕಾಲದಲ್ಲಿ ಮನೆಗೆ ಬಂದವರ ಮಡಿಲಿಗೆ ಅದನ್ನು ಹಾಕುತ್ತಿದ್ದರು. ಈಗ ಫೋಟೋ ತೆಗೆದವರೇ ತಿರುಗಿ ನೋಡುವುದಿಲ್ಲ. ನಮ್ಮ ರಸ್ತೆಯ ಅಷ್ಟೂ ಮದುವೆ, ನಾಮಕರಣ, ಷಷ್ಟ್ಯಬ್ದಿ, ನಯಾಗರದ ಮುಂದೆ ಒದ್ದೆಯಾಗಿ ನಿಂತ ಬೀಗರು, ಎಲ್ಲವನ್ನೂ ಪೂರ್ತಿ ನೋಡಿದ ಜೀವ ಇದೊಂದೇ. "ಇವರು ನಂಜನಗೂಡಿನ ಕಡೆಯವರಲ್ವಾ?" "ಈ ಹುಡುಗಿಗೆ ಎಲ್ಲಾದ್ರೂ ಗೊತ್ತಾಯ್ತಾ?" ಎಂದು ಕೇಳುತ್ತಾ, ಕಾಫಿ ಕುಡಿಯುತ್ತಾ, ಶೇಕಡಾ 40ರಿಂದ 70ರ ನಡುವೆ ಅವರು ಕೂಡಿಸಿಕೊಟ್ಟ ಸಂಬಂಧಗಳೂ ಉಂಟು.

ಫೋಟೋ ಇಳಿಯಲು ಹಿಡಿಯುವ ಹೊತ್ತಿನ ಲೆಕ್ಕ ಮೇಷ್ಟ್ರ ಹೆಂಡತಿಗೆ ಪಕ್ಕಾ. ರಾಯರೇ ಪಾಠ ಹೇಳಿದ್ದಾರೆ: ಕಪ್ಪು ತೂತು ಸಾಮಾನ್ಯವಾಗಿ ಯುಎಸ್‌ಬಿ 2, ಸೆಕೆಂಡಿಗೆ 480 ಮೆಗಾಬಿಟ್, ಅದೂ ಕಾಗದದ ಮೇಲೆ; ನೀಲಿ ತೂತು ಯುಎಸ್‌ಬಿ 3, ಅದರ ಹತ್ತರಷ್ಟು. ಅಡುಗೆಮನೆಯಲ್ಲಿ ಅದರ ತಾತ್ಪರ್ಯ, ನೀಲಿಯಾದರೆ ಬರೀ ಕಾಫಿ, ಕಪ್ಪಾದರೆ ಉಪ್ಪಿಟ್ಟು.

ಮೊನ್ನೆ ಮೇಷ್ಟ್ರ ಮಗ ಅಮೆರಿಕದಿಂದ ಬಂದವನು ಅಂಗಡಿಯ ಹುಡುಗನೊಬ್ಬನ ಕೈಲಿ ಕಂಪ್ಯೂಟರಿನ ತಿರುಗುವ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ. ಸ್ವಿಚ್ ಹಾಕಿ ರಾಯರು ಕೈಕಟ್ಟುವಷ್ಟರಲ್ಲಿ ಪರದೆ ಬಂದುಬಿಟ್ಟಿತು. ಅವರು ಕೈಬಿಚ್ಚಿ ಸುಮ್ಮನೆ ಒಂದು ರಿಫ್ರೆಶ್ ಒತ್ತಿ ನೋಡಿದರು, ತೃಪ್ತಿಯಾಗಲಿಲ್ಲ. ತಂಗಿಯ ಮದುವೆಯ ಫೋಟೋ ವಿಡಿಯೋ ಸೇರಿ 60 ಜಿಬಿ, ಮಗನ ಹಾರ್ಡ್ ಡಿಸ್ಕಿನಿಂದ ಇಳಿಸಬೇಕಿತ್ತು.

"ನೀಲಿ ಪೋರ್ಟಿಗೆ ಹಾಕಿ ಅಂಕಲ್. ಹತ್ತು ನಿಮಿಷದ ಕೆಲಸ."

ರಾಯರು ಬಗ್ಗಿ ನೀಲಿ ತೂತು ನೋಡಿದರು. ಒಳಗೆ ಸಾಸಿವೆ ಸಿಡಿಯಿತು. ಈರುಳ್ಳಿ ಬಿದ್ದ ಸದ್ದೂ ಬಂತು.

"ನೀಲಿದು ಬೇಡಪ್ಪ, ಬಿಸಿಯಾಗುತ್ತೆ" ಎಂದು ಕೇಬಲ್ಲನ್ನು ಕಪ್ಪು ತೂತಿಗೆ ಸಿಕ್ಕಿಸಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಮೊದಲನೆಯ ಫೋಟೋ ತೆರೆದರು. "ಎಲ್ಲಿ, ಈ ಪೇಟದವರು ಗಂಡಿನ ಕಡೆಯವರಾ?"