ಪರದೆಯ ಮೇಲಣ ಪುರಾಣ

ವ್ಯಾಪಾರದ ಸಭೆಯಲ್ಲಿ ಪರದೆಯ ಮೇಲೆ ಪುಟಗಳನ್ನು ಮೂಡಿಸುತ್ತ ಮಾತನಾಡುವ ಕಲೆಯು, 1987ರಲ್ಲಿ ಪವರ್‌ಪಾಯಿಂಟ್ ಎಂಬ ತಂತ್ರಾಂಶವು ಅವತರಿಸಿದಂದಿನಿಂದ, ಸರ್ವಜನಸುಲಭವಾಯಿತು. ಕೇಳುವವರ ಕಷ್ಟವೂ ಅಂತೆಯೇ ಧಾರಾಳವಾಗಿ ದೊರೆಯತೊಡಗಿತು. ಬಂಡವಾಳವನ್ನು ಬೇಡಲು ಬಂದ ಮಹನೀಯನು, ತನಗೆ ಎಷ್ಟು ಹಣ ಬೇಕು, ಏತಕ್ಕೆ ಬೇಕು ಎಂಬುದನ್ನು ನಲವತ್ತನೆಯ ಪುಟಕ್ಕೆ ಮೀಸಲಿಟ್ಟು, ಸಂಸ್ಥೆಯ ಜನನ, ಸಂಸ್ಥಾಪಕರ ವಂಶಾವಳಿ, ಕಚೇರಿಯ ಕಟ್ಟಡದ ಛಾಯಾಚಿತ್ರ ಇವುಗಳಿಂದ ಆರಂಭಿಸುವನು. ಹರಿಕಥೆಯ ದಾಸರಾದರೋ ಪೀಠಿಕೆಯ ನಡುವೆ ಒಂದು ಉಪಕಥೆಯನ್ನಾದರೂ ಹೇಳಿ ನಗಿಸುತ್ತಾರೆ. ಈತನು ಪರದೆಯ ಮೇಲಿರುವುದನ್ನೇ, ಒಂದಕ್ಷರವನ್ನೂ ಬಿಡದೆ, ನಮಗೆ ಬೆನ್ನು ತೋರಿಸಿ ನಿಂತು ಪಾರಾಯಣ ಮಾಡುವನು.

ನಮ್ಮ ಶಾಸ್ತ್ರಕಾರರು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧ ಚತುಷ್ಟಯವನ್ನು ಗ್ರಂಥಾರಂಭದಲ್ಲಿಯೇ ಹೇಳಿ ಮುಗಿಸುತ್ತಿದ್ದರು. ಕೇಳುವವನಾರು, ಕೇಳಿದ ಬಳಿಕ ಅವನು ಮಾಡಬೇಕಾದುದೇನು ಎಂಬೆರಡನ್ನಾದರೂ ಮೊದಲು ಒಂದು ಹಾಳೆಯ ಮೇಲೆ ಬರೆದುಕೊಂಡು, ಅನಂತರ ಕಂಪ್ಯೂಟರನ್ನು ತೆರೆದರೆ, ಅರ್ಧದಷ್ಟು ಪುಟಗಳು ತಾವಾಗಿಯೇ ಉದುರಿಹೋದಾವು. (ಕಟ್ಟಡದ ಛಾಯಾಚಿತ್ರ ಮಾತ್ರ ಉದುರದು; ಬಾಡಿಗೆ ಕೊಟ್ಟವನಿಗೆ ಅದರ ಮೇಲೆ ಅಷ್ಟು ಮಮತೆ!)

ಅಮೆರಿಕದ ಬಂಡವಾಳಗಾರ ಗೈ ಕವಾಸಾಕಿ ಎಂಬಾತನು ಇದಕ್ಕೊಂದು ಸೂತ್ರವನ್ನೇ ರಚಿಸಿರುವನು: 10 ಪುಟ, 20 ನಿಮಿಷ, ಅಕ್ಷರದ ಗಾತ್ರ 30 ಪಾಯಿಂಟು. ಗಾತ್ರದ ವಿಷಯದಲ್ಲಿ ಸಂದೇಹ ಬಂದರೆ, ಸಭೆಯಲ್ಲಿರುವ ಅತಿ ಹಿರಿಯರ ವಯಸ್ಸನ್ನು ಎರಡರಿಂದ ಭಾಗಿಸಿಕೊಳ್ಳಬೇಕಂತೆ. ನಾನು ಕಂಡಿರುವ ಕೆಲವು ಆಡಳಿತ ಮಂಡಲಿಗಳಿಗೆ ಈ ಗಣಿತವನ್ನು ಅನ್ವಯಿಸಿದರೆ, ಪುಟವೊಂದಕ್ಕೆ ‘ನಮಸ್ಕಾರ’ ಎಂಬುದಕ್ಕಿಂತ ಹೆಚ್ಚೇನೂ ಹಿಡಿಯಲಾರದು.