ಹಾಗಲ ಮೀಮಾಂಸೆ: ಓಕಿನಾವದಿಂದ ಒಡೆಯರಪಾಳ್ಯದವರೆಗೆ

ವಿಷಯ: ಜಪಾನಿನ ಓಕಿನಾವ ದ್ವೀಪದವರು ಹಾಗಲಕಾಯಿಯನ್ನು ಸೀಳಿ, ತಿರುಳು ತೆಗೆದು, ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಟೋಫು, ಮೊಟ್ಟೆ, ಹಂದಿಮಾಂಸದೊಡನೆ ಬಾಣಲೆಯಲ್ಲಿ ಬಾಡಿಸುತ್ತಾರೆ. ಹೆಸರು ಗೋಯಾ ಚಂಪುರು.

ಸಂಶಯ: ಇದು ಪಲ್ಯವೇ?

ಪೂರ್ವಪಕ್ಷ ಯಳಂದೂರಿನದು. ಬೆಲ್ಲ, ಹುಣಸೆಹುಳಿ ಕಾಣದ ಹಾಗಲ ಅಡುಗೆಯೇ ಅಲ್ಲ, ಗೊಜ್ಜೇ ಪ್ರಮಾಣ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಸೀಮೆ. ನಾಲಗೆಗೆ ಬೆಲ್ಲ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಹುರಿದದ್ದೇ ಸರಿ ಎಂಬುದು ಕೊಳ್ಳೇಗಾಲದ ವಾದ. ಆ ಊರು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದ್ದರಿಂದ ಸಾಕ್ಷ್ಯ ಶಂಕಾಸ್ಪದ.

ಓಕಿನಾವವೂ 1972ರ ಮೇ 15ರವರೆಗೆ ಅಮೆರಿಕದ ಕೈಲಿತ್ತು. ಸೈನಿಕರು ತಂದ ಡಬ್ಬಿಯ ಹಂದಿಮಾಂಸ ಚಂಪುರುವಿಗೆ ಬಿತ್ತು. ಆಡಳಿತ ಹೋದರೂ ಡಬ್ಬಿ ಹೋಗಲಿಲ್ಲ. ಇದೇ ನ್ಯಾಯದಿಂದ ಮದರಾಸು ಕೊಳ್ಳೇಗಾಲದ ಬಾಣಲೆಯಲ್ಲಿ ಏನು ಬಿಟ್ಟುಹೋಯಿತೆಂದು ಹುಡುಕಲಾಗಿ, ಸಿಕ್ಕಿದ್ದು ಕಾಯಿತುರಿ. ಅದು ಯಳಂದೂರಿನ ಬಾಣಲೆಯಲ್ಲೂ ಇತ್ತು. ಅನುಮಾನ ಪ್ರಮಾಣ ಅಲ್ಲಿಗೇ ಬಿತ್ತು.

ಇನ್ನು ಶಬ್ದಪ್ರಮಾಣ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂಬುದು ಲೋಕಪ್ರಸಿದ್ಧ. ಆದರೆ ಸಾಕ್ಷಿ ಆಪ್ತನಾಗಿರಬೇಕು, ನೆಂಟನಾಗಿರಬಾರದು. ಬೇವಿನಕಾಯಿಯನ್ನು ಕಟಕಟೆಯಿಂದ ಇಳಿಸಲಾಗಿದೆ.

ಹನೂರಿನ ಆಕ್ಷೇಪ ಗಂಭೀರವಾದದ್ದು. ಮಾದಪ್ಪನ ಬೆಟ್ಟಕ್ಕೆ ಹೊರಟವರ ಮುಂದೆ ಹಂದಿಮಾಂಸದ ಮಾತೆತ್ತುವುದು ಸಂಶೋಧಕನ ಆರೋಗ್ಯಕ್ಕೆ ಒಳ್ಳೆಯದಲ್ಲ. ಹಾಗೆಂದು ಪೂರ್ವದೇಶದ ಒಗ್ಗರಣೆ ಹನೂರಿಗೆ ಹೊಸದೂ ಅಲ್ಲ. ಅಲ್ಲಿನ ಒಡೆಯರಪಾಳ್ಯದಲ್ಲಿ ಟಿಬೆಟನ್ನರು ನೆಲೆಸಿ ಅರ್ಧ ಶತಮಾನವಾಗಿದೆ. (ಮೊಮೊ ತಿಂದವರು ಟೋಫುವಿಗೆ ಅಂಜುವುದೇ?)

ನೊಣದ ವಿಚಾರದಲ್ಲಿ ಮಾತ್ರ ನಾವು ಸೋತಿದ್ದೇವೆ. ಕಾಯಿಯೊಳಗೆ ಮೊಟ್ಟೆಯಿಟ್ಟು ಹುಳು ಮಾಡುವ ನೊಣವನ್ನು ತೊಲಗಿಸಲು ಓಕಿನಾವದವರು ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡುನೊಣಗಳನ್ನು ಸಾಕಿ, ಕೋಟಿಗಟ್ಟಲೆ ಹಾರಿಬಿಟ್ಟರು. ಹೆಣ್ಣುನೊಣಗಳು ಮೋಸಹೋದವು. 1993ಕ್ಕೆ ಆ ವಂಶ ಅಲ್ಲಿಂದ ಅಳಿಯಿತು. ಅಲ್ಲಿಯವರೆಗೆ ಜಪಾನಿನ ಮುಖ್ಯಭೂಮಿಗೆ ಕಾಲಿಡಲು ಅಪ್ಪಣೆಯಿಲ್ಲದಿದ್ದ ಅವರ ಹಾಗಲಕ್ಕೆ ದಾರಿ ತೆರೆಯಿತು. ನಮ್ಮ ನೊಣ ಇಂದಿಗೂ ತುಂಬು ಸಂಸಾರಿ. ಕೊಳ್ಳೇಗಾಲದ ಸಂತೆಯಲ್ಲಿ ಹಾಗಲ ಕೊಳ್ಳುವವರು ಕಾಯಿಯ ಮೈಯಲ್ಲಿ ಚುಚ್ಚುಗಲೆ ಹುಡುಕುವುದು ಆ ಕುಟುಂಬದ ವಿಳಾಸ ತಿಳಿಯಲಿಕ್ಕೇ.

ಸಿದ್ಧಾಂತ: ಚಂಪುರು ಪಲ್ಯವೇ ಸರಿ. ಯಳಂದೂರಿನ ಮೇಲ್ಮನವಿ ವಜಾ. ಗೊಜ್ಜಿಗೆ ಜಹಗೀರು ಮುಂದುವರಿಯಲಿ. ಉಪ್ಪು ಹಾಕಿ ಒಮ್ಮೆ ಹಿಂಡಲು ಎಲ್ಲರಿಗೂ ಅಪ್ಪಣೆಯಿದೆ. ಮೂರು ಸಲ ಹಿಂಡಿ ಕಹಿಯೇ ಇರಬಾರದೆನ್ನುವವರು ಪಡವಲಕಾಯಿ ಕೊಳ್ಳತಕ್ಕದ್ದು.