ಗಾಬರಿಯಾಗಬೇಡಿ ಸ್ವಾಮಿ!

‘ಗಾಬರಿ ಬೇಡ’ ಎಂದು ಮೇಲಿನವರು ಹೇಳಿದ ಕೂಡಲೇ ಜನ ಗಾಬರಿಯಾಗುವುದು ಅಜ್ಞಾನದಿಂದಲ್ಲ, ಅನುಭವದಿಂದ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿಗೆ ಮಿತಿ ಹಾಕಿ, ನಿಮ್ಮ ಹಣ ಭದ್ರ ಎಂದರು. ಎಷ್ಟು ಭದ್ರವೆಂದರೆ, 50,000 ರೂಪಾಯಿ ದಾಟಿದರೆ ಖಾತೆದಾರನ ಕೈಗೂ ಸಿಗದಷ್ಟು! ವಾರದೊಳಗೆ ಕಲಬುರಗಿಯಲ್ಲಿ ಕೊರೋನಾಕ್ಕೆ ದೇಶದ ಮೊದಲ ಸಾವು. 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿಯಿತು. ಮರುದಿನ ರಾತ್ರಿ ಎಂಟಕ್ಕೆ ಭಾಷಣ, ಹನ್ನೆರಡಕ್ಕೆ ದೇಶಕ್ಕೇ ಬೀಗ. ನಡುವಿನ ನಾಲ್ಕು ತಾಸು ಕಿರಾಣಿ ಅಂಗಡಿಗಳ ಮುಂದೆ ಅಕ್ಕಿ, ಬೇಳೆ, ಎಣ್ಣೆಗೆ ನೂಕುನುಗ್ಗಲು. ದೈಹಿಕ ಅಂತರದ ಮೊದಲ ಪಾಠ ಹೀಗೆ ಮೈಗೆ ಮೈ ಒತ್ತಿಕೊಂಡೇ ನಡೆಯಿತು.

“ಆದರೂ ಸ್ವಾಮಿ, ಕೋಳಿ ತಿಂದರೆ ಕೊರೋನಾ ಎಂಬ ವದಂತಿ ನಂಬಿದ್ದು ಇದೇ ಜನ ಅಲ್ಲವೇ?” ನಂಬಿದರು, ಒಪ್ಪೋಣ; ಕೋಳಿ ಸಾಕಿದವರು ಮುಳುಗಿಯೂ ಹೋದರು. ಆದರೆ ನಿಜ ಹೇಳುವವರು ತಡಮಾಡಿದಲ್ಲೇ ವದಂತಿ ಬಂದು ಕೂರುವುದು. “ನಿಜ ಹೇಳಿದ್ದರೆ ಇನ್ನೂ ಕಂಗಾಲಾಗುತ್ತಿದ್ದರು!” ನಾಳೆ ಕೂಲಿಯಿಲ್ಲ ಎಂಬ ನಿಜ ದಿನಗೂಲಿಯವರಿಗೆ ನಿಮಗಿಂತ ಮೊದಲೇ ಗೊತ್ತಿತ್ತು, ಬೆಂಗಳೂರಿನಿಂದ ರಾಯಚೂರಿನ ಕಡೆಗೆ ನಡೆದೇ ಹೊರಟದ್ದು ಅದಕ್ಕೇ. “ನವೆಂಬರಿಗೆ ಎಲ್ಲ ಸರಿಹೋಯಿತಲ್ಲ?” ಸೆನ್ಸೆಕ್ಸ್ ಸರಿಹೋಯಿತು, ಹಳೆಯ ದಾಖಲೆಯನ್ನೇ ಮುರಿಯಿತು. ಏಪ್ರಿಲ್-ಜೂನ್‌ನಲ್ಲಿ ಜಿಡಿಪಿ ಹೆಚ್ಚುಕಡಿಮೆ ಕಾಲು ಭಾಗ ಕರಗಿದ ಸುದ್ದಿಯನ್ನು, ಪಾಪ ಗಾಬರಿಯಾದೀತೆಂದು, ಅದಕ್ಕೆ ಯಾರೂ ಹೇಳಿರಲಿಲ್ಲವೇನೋ.